ಮೇರಿಯಮ್ಮನ ಬೆನ್ನಿನ ಜೇನು

ಬ್ರಾಕ್‌ಫೀಲ್ಡಿನಲ್ಲಿ ಯಾರನ್ನು ಬೇಕಾದರೂ ಕೇಳಿ, ಆಸ್ಟಿನ್ ಕೆರಿಚ್ ಒಳ್ಳೆಯ ಮನುಷ್ಯ ಎನ್ನುತ್ತಿದ್ದರು. ಕುಡಿದು ಬೀದಿಯಲ್ಲಿ ಬಿದ್ದವನಲ್ಲ, ಇನ್ನೊಬ್ಬರ ಬೇಲಿ ಸರಿಸಿದವನಲ್ಲ, ಹೆಂಗಸರು ಎದುರಾದರೆ ಟೋಪಿ ತೆಗೆದು ತಾನೇ ಕೆಸರಿಗಿಳಿದು ದಾರಿ ಬಿಡುವವನು. ಐದೂವರೆ ವರ್ಷ ಊರು ಹೀಗೆ ಹೊಗಳುತ್ತಲೇ ಇತ್ತು, ಅವನು ಕೇಳಿಸಿಕೊಳ್ಳುತ್ತಲೇ ಇದ್ದ. ಕೇಳಿಸಿಕೊಂಡಾಗಲೆಲ್ಲ ಅವನ ಕಿವಿಯ ತುದಿ ಕೆಂಪಾಗುತ್ತಿತ್ತು. ಜನ ಅದನ್ನು ವಿನಯ ಎಂದುಕೊಂಡರು. ವಿನಯವಂತೆ! ಈ ಜನಕ್ಕೆ ದೇವರು ಕಣ್ಣು ಕೊಟ್ಟದ್ದು ಯಾತಕ್ಕೋ ಗೊತ್ತಿಲ್ಲ.

ಅವನಿಗೆ ಹೆತ್ತವರ ನೆನಪಿರಲಿಲ್ಲ. ಬೆವರುಜ್ವರ ಬಂದ ವರ್ಷ ಇಬ್ಬರೂ ಒಂದೇ ವಾರದಲ್ಲಿ ಮಣ್ಣು ಸೇರಿದರು. ನಾಲ್ಕು ವರ್ಷದ ಮಗುವನ್ನು ಮುಟ್ಟಲು ಊರೆಲ್ಲ ಹೆದರಿ ಬಾಗಿಲು ಹಾಕಿಕೊಂಡಾಗ, ಊರ ಕೊನೆಯ ಮನೆಯ ವಿಧವೆ ಎಮ್ಮಟ್ ರಸ್ಕ್ ಬಂದು ಅವನನ್ನು ಕಂಕುಳಲ್ಲಿ ಎತ್ತಿಕೊಂಡು ಹೋದಳು. ಅವಳಿಗೊಬ್ಬಳು ಮಗಳಿದ್ದಳು, ಸಿಬಿಲ್, ಇವನಿಗಿಂತ ನಾಲ್ಕು ವರ್ಷ ದೊಡ್ಡವಳು. ಅವಳನ್ನು ಅವನು ಅಕ್ಕ ಎಂದ. ಕೊನೆಯವರೆಗೂ ಅಕ್ಕ ಎಂದೇ ಕರೆದ.

ಎಮ್ಮಟ್ಟಳ ಬದುಕು ಜೇನು. ಗೋಧಿಹುಲ್ಲನ್ನು ಹುರಿ ಮಾಡಿ, ಮುಳ್ಳುಬಳ್ಳಿಯ ಸಿಪ್ಪೆಯಿಂದ ಹೊಲಿದು, ಗಂಟೆಯಾಕಾರದ ಗೂಡು ಹೆಣೆಯುತ್ತಿದ್ದಳು. ಮನೆಯ ತೆಂಕಣ ಗೋಡೆಯುದ್ದಕ್ಕೂ ಹನ್ನೆರಡು ಗೂಡು. ಆಸ್ಟಿನ್ ಆರು ವರ್ಷಕ್ಕೇ ಹುರಿ ಹೊಸೆಯಲು ಕಲಿತ, ಹತ್ತಕ್ಕೆ ಹಿಂಡು ಹಿಡಿಯಲು ಕಲಿತ. ಈರುಳ್ಳಿ ತಿಂದ ಬಾಯಿಯಲ್ಲಿ ಗೂಡಿನ ಹತ್ತಿರ ಹೋಗಬಾರದು ಎಂಬುದು ಎಮ್ಮಟ್ ಕಲಿಸಿದ ಮೊದಲ ಪಾಠ. ಸಿಬಿಲ್ ಒಮ್ಮೆ ಬೇಕೆಂದೇ ಅವನ ರೊಟ್ಟಿಯೊಳಗೆ ಈರುಳ್ಳಿ ಇಟ್ಟು, ಅವನು ಮುಖವೆಲ್ಲ ಊದಿಸಿಕೊಂಡು ಬಂದಾಗ ನೆಲದ ಮೇಲೆ ಉರುಳಾಡಿ ನಕ್ಕಿದ್ದಳು. ಆಮೇಲೆ ತಾನೇ ಕೂತು ಒಂದೊಂದೇ ಮುಳ್ಳು ಕಿತ್ತಿದ್ದಳು.

ಎಮ್ಮಟ್ ಸಾಯುವಾಗ ಮೂರು ಗೂಡುಗಳನ್ನು ಚರ್ಚಿನ ಮೇರಿಯಮ್ಮನಿಗೆ ಬಿಟ್ಟಳು. ಅವುಗಳ ಮೇಣದಲ್ಲಿ ಪ್ರತಿ ಭಾನುವಾರ ಒಂದು ಬತ್ತಿ, ಗಿರಣಿ ಕೆರೆಯಲ್ಲಿ ಮುಳುಗಿ ಸತ್ತ ಗಂಡ ಟಾಮನ ಆತ್ಮಕ್ಕೂ ತನ್ನ ಆತ್ಮಕ್ಕೂ.

"ನೀನೇ ಹಚ್ಬೇಕು ಕಣೋ," ಎಂದಳು, ಅವನ ಕೈ ಹಿಡಿದು. "ಸಿಬಿಲ್‌ಗೆ ಮದುವೆ, ಮಕ್ಕಳು, ನೂರೆಂಟು ಕೆಲಸ ಬರತ್ತೆ. ನೀನು ಮರೆಯಲ್ಲ."

"ಮರೆಯಲ್ಲಮ್ಮ."

ಮರೆಯಲೂ ಇಲ್ಲ. ಹದಿನೈದು ವರ್ಷ, ಒಂದು ಭಾನುವಾರ ತಪ್ಪದೆ, ಮೈತೊಳೆದು, ಬಿಳಿ ಅಂಗಿ ಹಾಕಿ, ಚರ್ಚಿನ ನಡುದಾರಿಯಲ್ಲಿ ಎಲ್ಲರ ಕಣ್ಣೆದುರು ಬತ್ತಿ ಹಿಡಿದು ನಡೆದ. ಮೇರಿಯಮ್ಮ ಓಕ್ ಮರದವಳು, ಆಸ್ಟಿನ್ನನ ಎದೆಯೆತ್ತರ. ನೀಲಿ ಬಣ್ಣ ಅಲ್ಲಲ್ಲಿ ಚಕ್ಕಳೆ ಎದ್ದಿತ್ತು. ತೋಳಿನಲ್ಲಿದ್ದ ಮಗುವಿನ ಒಂದು ಪಾದ, ಹೆರಿಗೆ ನೋವಿನ ಹೆಂಗಸರು ಮುಟ್ಟಿ ಮುಟ್ಟಿ, ಸವೆದು ಗೋಲಿಯಂತಾಗಿತ್ತು. ಬೆನ್ನು ಮಾತ್ರ ಟೊಳ್ಳು. ಮರ ಸೀಳದಿರಲೆಂದು ಬಡಗಿಗಳು ಹಿಂದಿನಿಂದ ಕೆತ್ತಿ ತೆಗೆದಿರುತ್ತಾರೆ, ಗೋಡೆಗೆ ಒರಗಿಸಿದರೆ ಯಾರಿಗೂ ಕಾಣುವುದಿಲ್ಲ. ಅಪ್ಪ ಅಮ್ಮ, ಹೊಲ, ಹಟ್ಟಿ ಯಾವುದೂ ಇಲ್ಲದ ಆಸ್ಟಿನ್ನನಿಗೆ ಊರಿನಲ್ಲಿ ಜಾಗ ಎಂದು ಇದ್ದದ್ದು ಅವಳ ಮುಂದಿನ ಆ ಮೂರಡಿ ನೆಲ.

ಅಷ್ಟರಲ್ಲಿ ದಪ್ಪ ರಾಜ ಸತ್ತ. ಒಂಬತ್ತು ವರ್ಷದ ಮಗ ಸಿಂಹಾಸನ ಹತ್ತಿದ. ಮಗುವಿನ ಹೆಸರಿನಲ್ಲಿ ಸೋದರಮಾವ ಆಳತೊಡಗಿದ, ಮೂರ್ತಿಪೂಜೆ ಪಾಪ ಎನ್ನುವ ಹೊಸ ಪಂಥದವನು. ಲಂಡನ್ನಿನಿಂದ ಕಾಗದದ ಮೇಲೆ ಕಾಗದ ಬಂತು. ಮೂರ್ತಿಗಳ ಮುಂದೆ ದೀಪ ಹಚ್ಚಕೂಡದು, ಜಪಮಣಿ ಎಣಿಸಕೂಡದು, ಫೆಬ್ರವರಿಯ ಬತ್ತಿ ಹಬ್ಬ ಬೇಡ, ಆಮೇಲೆ ಮೂರ್ತಿಗಳೇ ಬೇಡ, ಎಲ್ಲ ಕಿತ್ತು ಹಾಕಿ. ಒಂದೊಂದನ್ನೂ ಪಾದ್ರಿ ಸರ್ ಮೈಲ್ಸ್ ಓದಿ ಹೇಳುತ್ತಿದ್ದರು. ಸಣ್ಣ ಮೈಯ, ಸದಾ ನೆಗಡಿಯ ಮುದುಕ. ತಲೆ ಎತ್ತದೆ, ತನ್ನದೇ ತಪ್ಪೇನೋ ಎಂಬಂತೆ ಓದುತ್ತಿದ್ದರು.

"ಹುಡುಗನಿಗೆ ಇನ್ನೂ ಹಾಲುಹಲ್ಲು ಬಿದ್ದಿಲ್ಲ, ಆಗ್ಲೇ ದೇವರ ಹಲ್ಲು ಕೀಳೋಕೆ ಹೊರಟವ್ನೆ," ಎಂದ ಗ್ರೆಗರಿ ಟೂಲಿ. ಬಿಯರ್ ಕಾಯಿಸುವವನು, ಚರ್ಚಿನ ಮೇಲ್ವಿಚಾರಕನೂ ಅವನೇ, ಹೊಟ್ಟೆಯೂ ಬಾಯಿಯೂ ಒಂದೇ ಅಳತೆ.

"ಹುಡುಗ ಎಲ್ಲಿ ಹೊರಟ? ಅವ್ರ ಮಾವ ಹೊರಟಿರೋದು," ಎಂದಳು ಸಿಬಿಲ್. ಅಷ್ಟು ಹೊತ್ತಿಗೆ ಅವಳೂ ವಿಧವೆ. ಆರು ಹಸು, ಒಂದು ಹುಲ್ಲಿನ ಕೊಟ್ಟಿಗೆ, ಯಾರಿಗೂ ಹೆದರದ ನಾಲಿಗೆ. "ಏನ್ ಆಸ್ಟಿನ್, ನಿನ್ನ ಗೂಡಲ್ಲೂ ಹೀಗೇನಾ? ಅರಸುನೊಣ ಎಳೇದಾದ್ರೆ ಸೋದರಮಾವ ಆಳ್ತಾನಾ?"

"ನಮ್ಮ ನೊಣಗಳಿಗೆ ಸೋದರಮಾವ ಇಲ್ಲಕ್ಕ."

"ಪುಣ್ಯ ಮಾಡಿದ್ವು."

ಕಿತ್ತು ಹಾಕಿ ಎಂದರೆ ಕಿತ್ತರು. ಆದರೆ ಸುಡಲಿಲ್ಲ. ಆ ವರ್ಷ ಉಪವಾಸ ಕಾಲದ ಒಂದು ಮುಂಜಾನೆ ಮೇರಿಯಮ್ಮನನ್ನು ಗೋಣಿಯಲ್ಲಿ ಸುತ್ತಿ, ಹುಲ್ಲಿನ ಗಾಡಿಯಲ್ಲಿ ಮಲಗಿಸಿ, ಸಿಬಿಲಳ ಕೊಟ್ಟಿಗೆಗೆ ಸಾಗಿಸಿ ಹಿಂಗೋಡೆಗೆ ಒರಗಿಸಿದರು. "ಹುಡುಗ ದೊಡ್ಡವನಾಗ್ಲಿ, ಬುದ್ಧಿ ಬಂದ್ಮೇಲೆ ತಾನೇ ವಾಪಸ್ ಇಡಿಸ್ತಾನೆ," ಎಂದ ಗ್ರೆಗರಿ. ಊರಿಗೆಲ್ಲ ಗೊತ್ತು, ಯಾರೂ ಬಾಯಿ ಬಿಡಲಿಲ್ಲ. ಹಾಗೆ ಬಾಯಿ ಬಿಡದಿದ್ದುದು ಬ್ರಾಕ್‌ಫೀಲ್ಡಿನ ಚರಿತ್ರೆಯಲ್ಲೇ ಮೊದಲು.

ಜೂನ್ ತಿಂಗಳಲ್ಲಿ ಎಮ್ಮಟ್ಟಳ ಹಳೆಯ ಗೂಡಿನಿಂದ ಒಂದು ಹಿಂಡು ಎದ್ದಿತು. ಹಿಂಡು ಕೆಳಗಿಳಿಯಲೆಂದು ಆಸ್ಟಿನ್ ಹಿತ್ತಾಳೆ ತಟ್ಟೆ ಬಡಿಯುತ್ತ ಹಿಂದೆ ಓಡಿದ. ಹಿಂಡು ಎಲ್ಮ್ ಮರಗಳ ತಲೆ ದಾಟಿ ಮಾಯವಾಯಿತು. ಎರಡು ವಾರ ಊರ ಮರಗಳನ್ನೆಲ್ಲ ಕತ್ತೆತ್ತಿ ನೋಡಿಕೊಂಡು ತಿರುಗಿದ. ಒಂದು ದಿನ ಸಿಬಿಲ್ ಬಂದು ಅವನ ತೋಳು ಹಿಡಿದು ಎಳೆದಳು.

"ಬಾ ಇಲ್ಲಿ. ಮಾತಾಡ್ಬೇಡ. ಈರುಳ್ಳಿ ತಿಂದಿಲ್ಲ ತಾನೆ?"

ಕೊಟ್ಟಿಗೆಯ ಹಲಗೆ ಸಂದಿನಿಂದ ಬಿಸಿಲು ಬಿದ್ದಿತ್ತು. ಆ ಬಿಸಿಲಿನ ಗೆರೆಯಲ್ಲಿ ನೊಣಗಳು ಸಾಲಾಗಿ ಬಂದು ಮೇರಿಯಮ್ಮನ ಎಡ ಹೆಗಲ ಹಿಂದೆ ಇಳಿದು ಒಳಹೋಗುತ್ತಿದ್ದವು. ಕಿವಿಯಿಟ್ಟರೆ ಮರದೊಳಗೆ ಗುಂಯ್ ಎಂಬ ನಾದ. ಟೊಳ್ಳು ಬೆನ್ನಿನಲ್ಲಿ ಎರಿ ಕಟ್ಟಿದ್ದವು.

ಪವಾಡ ಎಂದರು ಹೆಂಗಸರು. ಪವಾಡವೂ ಇಲ್ಲ, ಮಣ್ಣೂ ಇಲ್ಲ. ನೂರು ವರ್ಷ ಮೇಣದ ಹೊಗೆ ಕುಡಿದ ಓಕ್ ಮರ, ಒಳಗೆ ಟೊಳ್ಳು, ಬೆಚ್ಚಗಿನ ಕೊಟ್ಟಿಗೆ. ಜೇನಿಗೆ ಇನ್ನೇನು ಬೇಕು? ಆದರೆ ಆಸ್ಟಿನ್ನನ ಕಣ್ಣು ತುಂಬಿ ಬಂತು. ತನ್ನ ಕೈಯಿಂದ ಬತ್ತಿ ಕಸಿದುಕೊಂಡರು, ಎಮ್ಮಟ್ಟಮ್ಮನ ನೊಣಗಳು ತಾವೇ ಮೇಣ ಹೊತ್ತುಕೊಂಡು ಹೋದವಲ್ಲ ಎಂದು. ಆ ಬೇಸಿಗೆಯ ಭಾನುವಾರಗಳಲ್ಲಿ ಅವನು ಕೊಟ್ಟಿಗೆಗೆ ಹೋಗಿ, ಹುಲ್ಲಿನ ಮೇಲೆ ಕೂತು, ಆ ನಾದ ಕೇಳಿ ಬರುತ್ತಿದ್ದ. ಅವನ ಜೀವನದಲ್ಲೇ ಅವನು ಅಷ್ಟು ಸುಖವಾಗಿದ್ದ ಬೇಸಿಗೆ ಬೇರೆ ಇಲ್ಲ.

ಸೆಪ್ಟೆಂಬರಿನಲ್ಲಿ ರಾಜನ ತನಿಖೆಯವರು ಒಂಬತ್ತು ಮೈಲಿ ಆಚೆಯ ಪಟ್ಟಣಕ್ಕೆ ಬಂದಿಳಿದರು. ಪ್ರತಿ ಊರಿನಿಂದಲೂ ಪಾದ್ರಿ, ಮೇಲ್ವಿಚಾರಕ, ದೀಪ ಹಚ್ಚುತ್ತಿದ್ದವರು ಬಂದು ಪವಿತ್ರ ಪುಸ್ತಕ ಮುಟ್ಟಿ ಹೇಳಬೇಕು. ಬ್ರಾಕ್‌ಫೀಲ್ಡಿನಿಂದ ಗ್ರೆಗರಿ, ಸರ್ ಮೈಲ್ಸ್, ಆಸ್ಟಿನ್ ಮೂವರು ನಡೆದು ಹೋದರು. ದಾರಿಯುದ್ದಕ್ಕೂ ಗ್ರೆಗರಿ ಪಾಠ ಹೇಳಿಕೊಟ್ಟ. "ಮೇರಿಯಮ್ಮ ಎಲ್ಲಿ ಅಂದ್ರೆ, ಕಿತ್ತಾಕಿದ್ವಿ ಅನ್ನೋದು. ಕಿತ್ತಿದ್ದು ನಿಜ ತಾನೆ? ಅಷ್ಟೇ. ಅದರ ಮೇಲೆ ಒಂದಕ್ಷರ ಬೇಡ."

ಒಬ್ಬೊಬ್ಬರನ್ನೇ ಒಳಗೆ ಕರೆದರು. ಗ್ರೆಗರಿ ಹೋಗಿ ಬೇಗ ಬಂದ. ಆಮೇಲೆ ಆಸ್ಟಿನ್.

ತನಿಖೆಯವನು ಇನ್ನೂ ಹುಡುಗುತನ ಆರದ ವಿದ್ವಾಂಸ. ಕಪ್ಪು ನಿಲುವಂಗಿ, ಬಾಯಲ್ಲಿ ಲವಂಗ. ಪಕ್ಕದಲ್ಲಿ ಬರೆಯುವವರು ಇಬ್ಬರು. ಬೆದರಿಸಲಿಲ್ಲ, ಕೂರಲು ಸ್ಟೂಲನ್ನೇ ತೋರಿಸಿದ.

"ಈಗ ದೀಪ ಹಚ್ತೀರಾ?"

"ಇಲ್ಲ ಸ್ವಾಮಿ."

"ಮುಂಚೆ ಹಚ್ತಿದ್ದವನು ನೀನೇನಾ? ಎಷ್ಟು ವರ್ಷ?"

"ಹದಿನೈದು."

"ಮೇಣ ಎಲ್ಲಿಂದ?"

"ನಮ್ಮದೇ ಜೇನು ಸ್ವಾಮಿ."

ವಿದ್ವಾಂಸ ಬರೆಯುವವರ ಕಡೆ ತಿರುಗಿ ಕಣ್ಣು ಮಿಟುಕಿಸಿದ. "ನೋಡ್ರಪ್ಪ. ಹೂವಿಂದ ಹೂವಿಗೆ ಹಾರಿ ಆ ನೊಣಗಳು ಬೆವರು ಸುರಿಸಿದ್ದು ಒಂದು ಮರದ ಕೊರಡಿಗೆ ದೀಪ ಹಚ್ಚೋಕಂತೆ. ನೊಣಕ್ಕೆ ಮಾತು ಬಂದಿದ್ರೆ, ಯಜಮಾನ, ನಾವು ಇಂಥ ದಡ್ಡನ ಕೈಗೆ ಸಿಕ್ಕಿದ್ವಲ್ಲ ಅಂತ ಅಳ್ತಿದ್ವು."

ಬರೆಯುವವರು ನಕ್ಕರು. ಒಬ್ಬನ ನಗು ಮೂಗಿನಲ್ಲಿ ಹೊರಟಿತು.

"ಹೋಗಲಿ ಬಿಡು. ಆ ಕೊರಡು ಇಷ್ಟೊತ್ತಿಗೆ ಯಾರದೋ ಒಲೆ ಸೇರಿರತ್ತೆ. ನೀನಿನ್ನು ಹೊರಡು."

ಅಷ್ಟೇ. ಮುಗಿದಿತ್ತು. ಬಾಗಿಲು ಎದುರಿಗೇ ಇತ್ತು, ಅದರಾಚೆ ಬಿಸಿಲಿತ್ತು, ಇನ್ನು ಎರಡು ಹೆಜ್ಜೆ. ಆದರೆ ಆ ಮೂಗಿನ ನಗು ಅವನ ಬೆನ್ನಿಗೆ ಚುಚ್ಚಿಕೊಂಡಿತು. ಹದಿನೈದು ವರ್ಷ ಊರ ಕಣ್ಣೆದುರು ತಲೆಯೆತ್ತಿ ನಡೆದವನನ್ನು ಈ ಎಳಸು ಮೂರು ಮಾತಿನಲ್ಲಿ ಪೆದ್ದನನ್ನಾಗಿ ಮಾಡಿ ಕಳಿಸುತ್ತಿತ್ತು. ಆಸ್ಟಿನ್ ತಿರುಗಿ ನಿಂತ.

"ಒಲೆಗೆ ಹೋಗಿಲ್ಲ ಸ್ವಾಮಿ. ನೊಣಗಳು ಅಳ್ತಾನೂ ಇಲ್ಲ. ಅವಾಗ್ಲೇ ಅವ್ಳ ಬೆನ್ನಲ್ಲೇ ಹೋಗಿ ಗೂಡು ಕಟ್ಟವೆ. ನಾನು ಕಳ್ಸಿಲ್ಲ, ಅವೇ ಹೋಗವೆ. ಯಾರು ದಡ್ಡರು ಅಂತ ಅವನ್ನೇ ಕೇಳಿ."

ನಗು ನಿಂತಿತು. ಲೇಖನಿ ಗೀರುವ ಸದ್ದೂ ನಿಂತಿತು.

"ಎಲ್ಲಿ?" ಎಂದ ವಿದ್ವಾಂಸ, ಬಹಳ ಮೆಲ್ಲಗೆ.

ಆಗ ಅವನಿಗೆ ತಾನು ಏನಂದೆ ಎಂಬುದು ಕೇಳಿಸಿತು. ಎಲ್ಲಿ ಎಂದು ಎರಡನೆಯ ಸಲ ಕೇಳಿದರು. ಪುಸ್ತಕ ಮುಟ್ಟಿದ್ದೀಯ ಎಂದರು. ಹೇಳದೆ ಹೋದರೆ ಊರಿಗೂರನ್ನೇ ಸೆರೆಮನೆಗೆ ಎಳೆಸಬೇಕಾಗುತ್ತದೆ ಎಂದರು. ಅವನು ಸಿಬಿಲಳ ಹೆಸರು ಹೇಳಿದ. ಕೊಟ್ಟಿಗೆ ಎಂದ. ಹಿಂಗೋಡೆ ಎಂದ. ಕೇಳದಿದ್ದುದನ್ನೂ ಹೇಳಿದ, ಹೆದರಿದವನ ಬಾಯಿ ಹಾಗೆಯೇ.

ಅವನಾದ ಮೇಲೆ ಸರ್ ಮೈಲ್ಸ್ ಒಳಗೆ ಹೋಗಿ ಬಂದರು. ವಾಪಸು ಬರುವಾಗ ಗ್ರೆಗರಿ ಕೇಳಿದ, "ನಿನ್ನೇನು ಕೇಳಿದ್ರಯ್ಯ?"

"ಜೇನಿನ ವಿಷಯ ಕೇಳಿದ್ರು," ಎಂದ ಆಸ್ಟಿನ್.

ಮೂರನೆಯ ದಿನ ಸಂಜೆ ತನಿಖೆಯವರ ಕಡೆಯ ನಾಲ್ವರು ಕುದುರೆ ಮೇಲೆ ಬಂದರು, ನೇರ ಸಿಬಿಲಳ ಕೊಟ್ಟಿಗೆಗೆ. ಒಬ್ಬನು ಮೂರ್ತಿಯನ್ನು ಹಿಡಿದು ಎಳೆದ, ಎಳೆದವನೇ ಬೊಬ್ಬೆ ಹೊಡೆಯುತ್ತ ಅಂಗಳಕ್ಕೆ ಓಡಿ ಬಂದು ನೀರಿನ ತೊಟ್ಟಿಗೆ ತಲೆ ಅದ್ದಿದ. ಊರು ನೆರೆದಿತ್ತು. ಯಾರೋ ಕಿಸಕ್ಕೆಂದರು. ಅವರ ಮುಖಂಡನಿಗೆ ರೇಗಿತು. ಕೊಟ್ಟಿಗೆ ಸಮೇತ ಬೆಂಕಿ ಇಡಿ ಎಂದ. ಒಳಗೆ ಆರು ಹಸುಗಳ ಚಳಿಗಾಲದ ಹುಲ್ಲಿತ್ತು.

"ಬೇಡಿ," ಎಂದು ಆಸ್ಟಿನ್ ಮುಂದೆ ಬಂದ. "ನಾನು ಜೇನಿನವನು. ಬೆಳಗ್ಗೆ ನೊಣ ಏಳೋಕ್ಮುಂಚೆ ನಾನೇ ತೆಗೆದು ಕೊಡ್ತೀನಿ."

ಬೆಳಗಿನ ಜಾವ ಅಂಗಳದಲ್ಲಿ ಮೊಣಕಾಲಾಳ ಗುಂಡಿ ತೋಡಿದ. ಗಂಧಕ ಹಚ್ಚಿದ ಬಟ್ಟೆಯ ಪಟ್ಟಿಗಳನ್ನು ಸೀಳಿದ ಕಡ್ಡಿಗಳಿಗೆ ಸಿಕ್ಕಿಸಿ ಒಳಗೆ ನೆಟ್ಟು, ಕಿಡಿ ತಾಗಿಸಿದ. ಪ್ರತಿ ಶರತ್ಕಾಲದಲ್ಲಿ ಭಾರದ ಗೂಡುಗಳ ನೊಣ ಕೊಂದು ತುಪ್ಪ ತೆಗೆಯಲು ಮಾಡುವ ಕೆಲಸ, ಕೈಗೆ ಅಭ್ಯಾಸ. ಮೇರಿಯಮ್ಮನನ್ನು ಗ್ರೆಗರಿಯ ನೆರವಿನಿಂದ ಎತ್ತಿ ತಂದು ಗುಂಡಿಯ ಮೇಲೆ ಅಂಗಾತ ಮಲಗಿಸಿ, ಸುತ್ತ ಮಣ್ಣು ಮೆತ್ತಿದ. ಮಗು ಎತ್ತಿಕೊಂಡು ಆಕಾಶ ನೋಡುತ್ತ ಮಲಗಿದಳು. ಮರದೊಳಗೆ ಒಂದು ಮೊರೆತ ಎದ್ದಿತು. ಅಂಥ ಮೊರೆತವನ್ನು ಅವನು ನೂರು ಸಲ ಕೇಳಿದ್ದ, ಆದರೂ ಮಣ್ಣು ಮೆತ್ತುವ ಕೈ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಇನ್ನೊಂದು ಹಿಡಿ ಮಣ್ಣು ತೆಗೆದು ಸಂದು ಮುಚ್ಚಿದ. ಮೊರೆತ ಇಳಿಯಿತು, ಎಲ್ಲೋ ಒಂದೆರಡು ರೆಕ್ಕೆ ಬಡಿಯಿತು, ನಿಂತಿತು.

ಮಗ್ಗುಲಿಗೆ ಹೊರಳಿಸಿದಾಗ ಸತ್ತ ನೊಣಗಳು ಕಾಳಿನಂತೆ ಸುರಿದವು. ಅವನ ಕೈ ತಾನಾಗಿ ಚಾಕು ತೆಗೆಯಿತು, ಎರಿಗಳನ್ನು ಕೊಯ್ದು ಬಕೆಟ್ಟಿಗೆ ಹಾಕಿತು. ಮೇಣವನ್ನು ಹಾಳು ಮಾಡಬಾರದು ಎಂಬುದು ಎಮ್ಮಟ್ ಕಲಿಸಿದ ಎರಡನೆಯ ಪಾಠ. ಅದನ್ನು ಪಾಲಿಸಲು ಅವನಿಗೆ ಆ ದಿನವೇ ಸಿಕ್ಕಿತು ನೋಡಿ!

"ಕೈ ಒಳ್ಳೇದಯ್ಯ ನಿಂದು," ಎಂದ ಮುಖಂಡ. ಮೇರಿಯಮ್ಮನನ್ನು ಚರ್ಚಿನ ಗೇಟಿನ ಮುಂದೆ ಸೀಳಿ ಸುಟ್ಟರು. ಸಿಬಿಲ್ ಆಸ್ಟಿನ್ನನ ಪಕ್ಕದಲ್ಲಿ ನಿಂತು ನೋಡಿದಳು. ಕೊನೆಗೆ ಅವನ ಹೆಗಲ ಮೇಲೆ ಕೈಯಿಟ್ಟಳು.

"ಕೊಟ್ಟಿಗೆ ಉಳಿಸ್ದೆ ಕಣೋ. ಅಮ್ಮ ಇದ್ದಿದ್ರೆ ನಿನ್ನ ತಲೆ ನೇವರಿಸ್ತಿದ್ಲು."

ಅವನ ಕಿವಿ ಮೊದಲ ಸಲ ಕೆಂಪಾದದ್ದು ಆಗ.

ಮೂರ್ತಿ ಬಚ್ಚಿಟ್ಟ ತಪ್ಪಿಗೆ ಸಿಬಿಲ್ ಮೂರು ಭಾನುವಾರ ಬಿಳಿ ದುಪ್ಪಟಿ ಹೊದ್ದು, ಬರಿಗಾಲಲ್ಲಿ, ಚರ್ಚಿನ ನಡುದಾರಿಯಲ್ಲಿ ಎಲ್ಲರೆದುರು ನಿಲ್ಲಬೇಕೆಂದು ತೀರ್ಪಾಯಿತು. ಮೊದಲ ಭಾನುವಾರದ ಹಿಂದಿನ ದಿನ ಆಸ್ಟಿನ್ ತಡೆಯಲಾರದೆ ಸರ್ ಮೈಲ್ಸರ ಬಳಿ ಹೋಗಿ ಮಂಡಿಯೂರಿ ಪಾಪನಿವೇದನೆ ಮಾಡಿದ. ಎಲ್ಲ ಹೇಳಿದ. ಮುದುಕರು ಬಹಳ ಹೊತ್ತು ಮೂಗು ಒರೆಸಿಕೊಂಡರು.

"ಅವಳಿಗೆ ಹೋಗಿ ಹೇಳು. ಅದೇ ಪ್ರಾಯಶ್ಚಿತ್ತ. ಜಪ ಗಿಪ ಏನೂ ಬೇಡ."

"ಅದೊಂದು ಬಿಟ್ಟು ಬೇರೆ ಏನಾದ್ರೂ ಕೊಡಿ ಸ್ವಾಮಿ. ಬರಿಗಾಲಲ್ಲಿ ವಾಲ್ಸಿಂಗಮ್‌ವರೆಗೆ ಯಾತ್ರೆ ಹೋಗ್ತೀನಿ."

"ಅವಳ ಮನೆ ವಾಲ್ಸಿಂಗಮ್‌ಗಿಂತ ಹತ್ತಿರ. ಹೋಗು."

ಆಗಲಿ ಎಂದು ಎದ್ದು ಬಂದ. ಅವಳ ಗೇಟಿನವರೆಗೆ ಮೂರು ಸಲ ಹೋದ. ಒಂದು ಸಲ ಅವಳು ಹಾಲು ಕರೆಯುತ್ತಿದ್ದಳು. ಒಂದು ಸಲ ಮನೆಯಲ್ಲಿ ಜನರಿದ್ದರು. ಮೂರನೆಯ ಸಲ ಅವಳೊಬ್ಬಳೇ ಇದ್ದಳು, ಅಂಗಳದಲ್ಲಿ ಆ ದುಪ್ಪಟಿ ಒಗೆದು ಹಿಂಡುತ್ತಿದ್ದಳು. ಅವನು ಹಿಂದಿರುಗಿದ.

ಮೂರನೆಯ ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಗ್ರೆಗರಿ ಪಾದ್ರಿಯನ್ನು ಅಡ್ಡಗಟ್ಟಿದ.

"ನಾವು ಮೂರೇ ಜನ ಹೋಗಿದ್ದು. ನಾನಂತೂ ಹೇಳಿಲ್ಲ, ನನ್ನಮ್ಮನ ಗೋರಿ ಮೇಲಾಣೆ. ಆಸ್ಟಿನ್ನು ಆ ಮನೆ ಅನ್ನ ತಿಂದವನು. ಇನ್ನುಳಿದೋರು ಯಾರು ಸ್ವಾಮಿ?"

"ನಾನು ಹೇಳಲಿಲ್ಲ, ಗ್ರೆಗರಿ."

"ಮತ್ತಿನ್ಯಾರು ಹೇಳಿದ್ದು? ನಿಮಗೆ ಗೊತ್ತಿಲ್ಲ ಅಂತಾದ್ರೂ ಹೇಳಿ."

ಅದನ್ನು ಅವರು ಹೇಳುವಂತಿರಲಿಲ್ಲ, ಸುಳ್ಳಾಗುತ್ತಿತ್ತು. ಗೊತ್ತು ಎನ್ನುವಂತೆಯೂ ಇರಲಿಲ್ಲ. ಪಾಪನಿವೇದನೆಯಲ್ಲಿ ಕೇಳಿದ್ದು ಪಾದ್ರಿಯ ಹೊಟ್ಟೆಯಲ್ಲೇ ಸಾಯಬೇಕು. ಮನಸ್ಸು ಹಗುರಾಗಲೆಂದು ಹೋದ ಆಸ್ಟಿನ್ ಊರಿನಲ್ಲಿ ನಿಜ ಹೇಳಬಲ್ಲ ಒಂದೇ ಬಾಯಿಗೆ ಬೀಗ ಜಡಿದು ಬಂದಿದ್ದ. ಸರ್ ಮೈಲ್ಸ್ ಸುಮ್ಮನೆ ನಿಂತರು. ಆಸ್ಟಿನ್ನನ ಕಡೆ ಕಣ್ಣನ್ನೂ ಹಾಯಿಸಲಿಲ್ಲ, ಅದು ಕೂಡ ಹೇಳಿದಂತೆ ಎಂದು. ಅವನು ಆರು ಹೆಜ್ಜೆ ದೂರದಲ್ಲಿ ಟೋಪಿ ಹಿಂಡುತ್ತ ನಿಂತಿದ್ದ.

"ಥೂ," ಎಂದಳು ಸಿಬಿಲ್, ಕಾಲಿಗೆ ಶೂ ಏರಿಸುತ್ತ.

ಅಲ್ಲಿಂದ ನಾಲ್ಕು ವರ್ಷ ಪಾದ್ರಿಗೆ ಊರು ಮೊಟ್ಟೆ ಕೊಡಲಿಲ್ಲ, ಚೀಸ್ ಕೊಡಲಿಲ್ಲ, ಬೀದಿಯಲ್ಲಿ ಎದುರಾದರೆ ಮಾತು ನಿಲ್ಲಿಸಿತು. ಆಸ್ಟಿನ್ ಕದ್ದು ಅವರ ಕಿಟಕಿಯಲ್ಲಿ ಒಂದು ಕುಡಿಕೆ ಜೇನುತುಪ್ಪ ಇಟ್ಟು ಬಂದ. ಮಾರನೆಯ ಬೆಳಗ್ಗೆ ಅದು ಅವನ ಗೂಡುಗಳ ಬೆಂಚಿನ ಮೇಲಿತ್ತು, ತುಂಬಿದ್ದು ತುಂಬಿದ ಹಾಗೆ. ಮತ್ತೆ ಇಟ್ಟ, ಮತ್ತೆ ಬಂತು. ಮೂರನೆಯ ಸಲ ಇಡಲಿಲ್ಲ.

ಆ ನಾಲ್ಕನೆಯ ಚಳಿಗಾಲ ಮುದುಕರು ಎದೆ ಕಟ್ಟಿ ಹಾಸಿಗೆ ಹಿಡಿದರು. ಊರಿನಲ್ಲಿ ರೋಗಿಗಳ ಆರೈಕೆ ಎಂದರೆ ಸಿಬಿಲ್. ಕರೆಯಲು ಆಸ್ಟಿನ್ನನೇ ಹೋದ. ಅವಳು ಬೆಣ್ಣೆ ಕಡೆಯುತ್ತಿದ್ದಳು.

"ಸರ್ ಮೈಲ್ಸ್ ತುಂಬ ಬಳಲಿದಾರೆ ಅಕ್ಕ. ನೀನು ಬಂದು ಒಂದು ಲೋಟ ಗಂಜಿ..."

"ಯಾರಿಗೆ? ನನ್ನನ್ನ ಬರಿಗಾಲಲ್ಲಿ ನಿಲ್ಲಿಸಿದವನಿಗಾ? ಆ ನಾಲಿಗೆ ಹುಳ ಬಿದ್ದು ಸಾಯ್ಲಿ. ನನ್ನ ಕೈ ನೀರು ಅವನ ಗಂಟಲಲ್ಲಿ ಇಳಿಯಲ್ಲ ಅಂತ ಹೇಳೋಗು."

ಹೊಸ್ತಿಲ ಮೇಲೆ ನಿಂತವನ ಬಾಯಿಗೆ ಮಾತು ಬಂದಿತ್ತು. ನಾನು ಎಂಬ ಒಂದು ಮಾತು ಹಲ್ಲಿನ ಹಿಂದೆಯೇ ಇತ್ತು.

"ಸರಿ ಅಕ್ಕ," ಎಂದು ಬಂದುಬಿಟ್ಟ.

ಸರ್ ಮೈಲ್ಸ್ ಕಣ್ಣು ತೆರೆದರು. "ಬರ್ತಾಳಾ?"

"ಇಲ್ಲ ಸ್ವಾಮಿ."

"ಹೇಳ್ದೆಯಾ?"

ಅವನು ನೆಲ ನೋಡಿದ. ಮುದುಕರು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ಎರಡು ದಿನಕ್ಕೆ ತೀರಿಕೊಂಡರು. ಹೆಣ ತೊಳೆಯಲು ಹೆಂಗಸರು ಯಾರೂ ಬರಲಿಲ್ಲ. ಆಸ್ಟಿನ್ ತೊಳೆದ. ಎಂಥ ಒಳ್ಳೆಯ ಮನಸ್ಸಪ್ಪ ಇವನದು ಎಂದಿತು ಊರು.

ಮರುವರ್ಷ ಬೇಸಿಗೆಯಲ್ಲಿ ಹುಡುಗ ರಾಜನೂ ಹೋದ, ಮೀಸೆ ಚಿಗುರುವ ಮೊದಲೇ. ಅವನಕ್ಕ ಪಟ್ಟಕ್ಕೆ ಬಂದಳು. ಹಳೆಯ ಪೂಜೆ ಬಂತು, ಗಂಟೆಗಳು ಬಂದವು, ಬಚ್ಚಿಟ್ಟಿದ್ದೆಲ್ಲ ಮಂಚದಡಿಯಿಂದ ಹೊರಬಂತು. ಫೆಬ್ರವರಿಯ ಬತ್ತಿ ಹಬ್ಬವನ್ನೂ ಮತ್ತೆ ಮಾಡುವುದೆಂದಾಯಿತು.

"ಎಮ್ಮಟ್ಟಜ್ಜಿ ಬತ್ತಿ ತರಬೇಕು ಕಣಯ್ಯ ನೀನು," ಎಂದು ಗ್ರೆಗರಿ ಬೆನ್ನು ತಟ್ಟಿದ. "ಮೇರಿಯಮ್ಮ ಇಲ್ದಿದ್ರೇನು, ಅವಳು ನಿಂತಿದ್ದ ಗೋಡೆಗೂಡಾದ್ರೂ ಇದೆಯಲ್ಲ. ಅಲ್ಲೇ ಇಡು. ನಿನ್ನಂಥವನು ಹಚ್ಚಿದ್ರೇ ಚೆಂದ."

ಆ ದಿನ ಬಕೆಟ್ಟಿಗೆ ಹಾಕಿದ್ದ ಎರಿಯ ಮೇಣ ಆಸ್ಟಿನ್ನನ ಮಂಚದ ಕೆಳಗೆ ಹಾಗೆಯೇ ಇತ್ತು. ಕರಗಿಸಿ, ಸೋಸಿ, ಬಿಲ್ಲೆ ಮಾಡಿ ಇಟ್ಟಿದ್ದ. ಮಾರಲು ಕೈ ಬಂದಿರಲಿಲ್ಲ, ಉರಿಸಲೂ ಬಂದಿರಲಿಲ್ಲ. ಹಬ್ಬದ ಹಿಂದಿನ ದಿನ ಅದನ್ನು ತೆಗೆದು ಬತ್ತಿ ಮಾಡಿದ. ದಾರಕ್ಕೆ ಮೇಣ ಹುಯ್ಯುವಾಗ ಗಂಧಕದ ವಾಸನೆ ಬಂದಂತಾಯಿತು. ಬಂದಿರಲಿಕ್ಕಿಲ್ಲ, ಐದೂವರೆ ವರ್ಷದ ಹಿಂದಿನ ಮಾತು. ಅವನಿಗೆ ಬಂತು. ಆ ಬತ್ತಿಯನ್ನು ಹಿಡಿದು ನಡುದಾರಿಯಲ್ಲಿ ನಡೆಯುವ ತನ್ನನ್ನು ನೆನೆಸಿಕೊಂಡ. ಬತ್ತಿ ಇನ್ನೂ ಬಿಸಿಯಿರುವಾಗಲೇ ಬಟ್ಟೆಯಲ್ಲಿ ಸುತ್ತಿಕೊಂಡು ಸಿಬಿಲಳ ಮನೆಗೆ ಹೋದ.

ಅವಳು ಹಬ್ಬಕ್ಕೆ ಹಿಟ್ಟು ನಾದುತ್ತಿದ್ದಳು. ಅವನು ಕೂರಲಿಲ್ಲ. ಬತ್ತಿಯನ್ನು ಮೇಜಿನ ಮೇಲಿಟ್ಟು, ಅದರ ಮೇಣ ಯಾವುದೆಂದು ಹೇಳಿದ. ಆಮೇಲೆ ಉಳಿದದ್ದನ್ನೂ ಹೇಳಿದ. ಮೂಗಿನ ನಗು, ಬಾಗಿಲು, ತಿರುಗಿ ನಿಂತದ್ದು. ಹೇಳಿ ಮುಗಿಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

ಅವಳ ಕೈ ಹಿಟ್ಟಿನಲ್ಲಿ ನಿಂತಿತು.

"ಬೆದರಿಸಿದ್ರಾ ನಿನ್ನ?"

"ಆಮೇಲೆ ಬೆದರಿಸಿದ್ರು. ಮೊದಲು ನಕ್ಕರು ಅಷ್ಟೇ."

"ನಕ್ಕರು." ಅವಳು ಆ ಮಾತನ್ನು ಬಾಯಿಯಲ್ಲಿ ಒಮ್ಮೆ ಹೊರಳಿಸಿದಳು. "ಪಾದ್ರಿ ಮುದುಕಪ್ಪನಿಗೆ ಗೊತ್ತಿತ್ತಾ?"

"ಗೊತ್ತಿತ್ತು. ನೀನು ಮೊದಲನೇ ಸಲ ನಿಂತೆಯಲ್ಲ, ಅದರ ಹಿಂದಿನ ದಿನಾನೇ ಪಾಪನಿವೇದನೇಲಿ ಹೇಳಿದ್ದೆ. ನಿನಗೆ ಹೇಳು ಅಂದಿದ್ರು."

"ಅಂದ್ರೆ ಅವ್ರು ಬಾಯಿ ಬಿಡೋ ಹಾಗಿರ್ಲಿಲ್ಲ."

"ಇರ್ಲಿಲ್ಲ."

ಅವಳು ಮೆಲ್ಲಗೆ ಬೆಂಚಿನ ಮೇಲೆ ಕೂತಳು. "ಅವರಿಗೆ ಹುಷಾರಿಲ್ಲ ಅಂತ ಕರೆಯೋಕೆ ಬಂದಿದ್ಯಲ್ಲ. ಅಲ್ಲೇ ನಿಂತಿದ್ದೆ, ಹೊಸ್ತಿಲ ಮೇಲೆ. ನಾನೇನಂದೆ ನೆನಪಿದ್ಯಾ?"

"ಇದೆ ಅಕ್ಕ."

"ಹೇಳು."

"ಬೇಡ ಅಕ್ಕ..."

"ಹೇಳು ಅಂದೆ."

ಹೇಳಿದ. ನಾಲಿಗೆಗೆ ಹುಳ ಬೀಳುವ ಮಾತು, ಗಂಟಲಲ್ಲಿ ನೀರಿಳಿಯದ ಮಾತು, ಒಂದೂ ಬಿಡದೆ. ಅವಳು ಕಣ್ಣು ಮುಚ್ಚಿ ಕೇಳಿದಳು.

"ನಿನ್ನ ತಪ್ಪು ನಿಂದು," ಎಂದಳು ಕೊನೆಗೆ. "ನೀನು ಹೆದರಿದ್ದೆ, ಹಾಳಾಗ್ಲಿ. ಆದ್ರೆ ಇದನ್ನ ನನ್ನ ಬಾಯಲ್ಲಿ ಆಡಿಸ್ದೆಯಲ್ಲೋ. ಸಾಯೋ ಮನುಷ್ಯನಿಗೆ. ನಿಂತು ಕೇಳಿಸ್ಕೊಂಡು, ಸರಿ ಅಕ್ಕ ಅಂತ ಹೋದೆಯಲ್ಲೋ." ಆಮೇಲೆ, "ಎದ್ದೋಗು ಇಲ್ಲಿಂದ. ಬತ್ತೀನೂ ತಗೊಂಡ್ಹೋಗು."

ಅವನು ನಿಂತೇ ಇದ್ದ. ನಿಂತಲ್ಲಿಂದಲೇ ಹೋದ.

ಮಾರನೆಯ ಬೆಳಗ್ಗೆ ಚರ್ಚು ಬತ್ತಿಗಳಿಂದ ತುಂಬಿತ್ತು. ಆರು ವರ್ಷದ ಮೇಲೆ ಬಂದ ಹಬ್ಬ. ಜನ ನಗುತ್ತಿದ್ದರು, ಒಬ್ಬರ ಬತ್ತಿಯಿಂದ ಒಬ್ಬರು ಹಚ್ಚಿಕೊಳ್ಳುತ್ತಿದ್ದರು. ಮೇರಿಯಮ್ಮನ ಗೋಡೆಗೂಡು ಸುಣ್ಣ ಬಳಿದು ಖಾಲಿ ಇತ್ತು. ಆಸ್ಟಿನ್ ತನ್ನ ಬತ್ತಿ ಹಿಡಿದು ನಡುದಾರಿಗೆ ಬಂದಾಗ ಸಿಬಿಲ್ ಆಗಲೇ ಅಲ್ಲಿ ನಿಂತಿದ್ದಳು, ದುಪ್ಪಟಿ ಹೊದ್ದು ನಿಂತಿದ್ದ ಅದೇ ಕಲ್ಲಿನ ಮೇಲೆ. ಹಬ್ಬದ ಬಟ್ಟೆಯಲ್ಲಿದ್ದಳು, ಕಾಲಲ್ಲಿ ಮಾತ್ರ ಏನೂ ಇರಲಿಲ್ಲ. ಫೆಬ್ರವರಿಯ ನೆಲದ ಮೇಲೆ ಪಾದಗಳು ಕೆಂಪಗಾಗಿದ್ದವು.

"ಏನಮ್ಮ ಸಿಬಿಲ್ ಇದು?" ಎಂದ ಗ್ರೆಗರಿ. "ಆ ಕಾಲ ಹೋಯ್ತಲ್ಲ. ಶೂ ಹಾಕ್ಕೊ ತಾಯಿ."

ಅವಳು ಆಸ್ಟಿನ್ನನನ್ನೇ ನೋಡುತ್ತಿದ್ದಳು. ಜನ ಅವಳ ಕಣ್ಣು ಹೋದ ಕಡೆ ತಿರುಗಿದರು.

"ಅವಳು ಸರ್ ಮೈಲ್ಸರಿಗೋಸ್ಕರ ನಿಂತಿದಾಳೆ," ಎಂದ ಆಸ್ಟಿನ್. "ಅವರು ಹೇಳಿರಲಿಲ್ಲ. ನಾನು ಹೇಳಿದ್ದು. ಕೊಟ್ಟಿಗೆ ವಿಷಯ ನಾನೇ ಹೇಳಿದ್ದು."

ಯಾರೋ ನಕ್ಕರು, ತಮಾಷೆ ಎಂದುಕೊಂಡು. ಗ್ರೆಗರಿ ನಗಲಿಲ್ಲ. ಅವನ ದಪ್ಪ ಮುಖ ಬಣ್ಣಗೆಟ್ಟಿತು. ಚರ್ಚಿನ ಅಂಗಳದಲ್ಲಿ ಮುದುಕರನ್ನು ಅಡ್ಡಗಟ್ಟಿದ್ದು ಅವನೇ ತಾನೆ. ಮೊಟ್ಟೆ ನಿಲ್ಲಿಸಿದವರು, ಹೆಣ ತೊಳೆಯಲು ಬಾರದವರು, ಎಲ್ಲರೂ ಅಲ್ಲೇ ಇದ್ದರು. ಒಬ್ಬೊಬ್ಬರೂ ತಂತಮ್ಮ ಬತ್ತಿ ನೋಡಿಕೊಂಡರು. ಊರಿಗೆ ಊರೇ ತಲೆ ತಗ್ಗಿಸಿದ್ದನ್ನು ಬ್ರಾಕ್‌ಫೀಲ್ಡ್ ಆ ದಿನ ಕಂಡಿತು.

ಆಸ್ಟಿನ್ ಬತ್ತಿಯನ್ನು ಖಾಲಿ ಗೋಡೆಗೂಡಿನಲ್ಲಿ ನಿಲ್ಲಿಸಿ ಹಚ್ಚಿದ. ಎಮ್ಮಟ್ಟಳ ಹೆಸರು ಹೇಳಲಿಲ್ಲ. ಸರ್ ಮೈಲ್ಸ್ ಎಂದ, ಎಲ್ಲರಿಗೂ ಕೇಳುವಂತೆ. ಆಮೇಲೆ ಬಗ್ಗಿ ಶೂ ಬಿಚ್ಚಿದ. ದಾರದ ಗಂಟು ಬೇಗ ಬಿಚ್ಚಿಕೊಳ್ಳಲಿಲ್ಲ. ಬರಿಗಾಲಲ್ಲಿ ಹೋಗಿ ಸಿಬಿಲಳ ಪಕ್ಕದಲ್ಲಿ ನಿಂತ. ಅವಳು ಅವನ ಕಡೆ ನೋಡದೆ ಒಂದು ಹೆಜ್ಜೆ ಆಚೆ ಸರಿದು, ಇನ್ನೊಂದು ಕಲ್ಲಿನ ಮೇಲೆ ನಿಂತಳು.